ಮಳವಳ್ಳಿಯ ಡೇರೆಯಲ್ಲಿ ಗ್ರೀಕರ ರಾಣಿ

ಸಿನಿಮಾಕ್ಕೆ ಹೋದವರು ನಗುತ್ತಾರೆ, ಅಳುತ್ತಾರೆ, ಸೆಕೆ ಜಾಸ್ತಿಯಾದರೆ ಎದ್ದು ಹೋಗುತ್ತಾರೆ. ನಾನು ಮಾತ್ರ ಅಂಗೈ ಬೆವರಿಸಿಕೊಂಡು ಕೂತಿರುತ್ತೇನೆ. ಜನ ಏನನ್ನುತ್ತಾರೋ ಎಂಬ ದಿಗಿಲು. ಚಿತ್ರ ತೆಗೆದವನು ನಾನಲ್ಲ, ಅದರಲ್ಲಿ ಕುಣಿದವನೂ ನಾನಲ್ಲ. ಆದರೂ ಹಿಂದಿನ ಸಾಲಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ನನ್ನ ಎದೆ ಹಾರುತ್ತದೆ. ಮನೆಯವರು ಇದನ್ನು ಕಂಡು ನಕ್ಕಿದ್ದಾರೆ. ನಗಲಿ ಬಿಡಿ. ಅವರು ಆ ಬೇಸಿಗೆಯಲ್ಲಿ ಮಳವಳ್ಳಿಯ ಡೇರೆಯೊಳಗೆ ಪರದೆಯ ಪಕ್ಕ ನಿಂತಿರಲಿಲ್ಲ.

ಮೂವತ್ತರ ದಶಕದ ನಡುಭಾಗ ಅದು. ನಾನು ಮಂಡ್ಯದ ಶಾಲೆಯೊಂದಕ್ಕೆ ಇಂಗ್ಲಿಷ್ ಮೇಷ್ಟ್ರಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಮಾತಾಡುವ ಚಿತ್ರಗಳು ಬಂದು, ಮೂಕಿ ಚಿತ್ರಗಳನ್ನು ಕೇಳುವವರೇ ಇಲ್ಲವಾಗಿತ್ತು. ಅಂಥವನ್ನು ಊರೂರು ಸುತ್ತುವ ಡೇರೆಯವರು ಅಗ್ಗಕ್ಕೆ ಎತ್ತಿಕೊಂಡು ಬಂದು ನಮ್ಮ ಕಡೆ ತೋರಿಸುತ್ತಿದ್ದರು. ಆ ಪೈಕಿ ಒಬ್ಬ ಯಜಮಾನ, ಬಾಯಿ ತುಂಬ ಎಲೆಅಡಿಕೆ, ಬೆರಳ ತುಂಬ ಉಂಗುರ, ರಜೆ ಶುರುವಾದ ವಾರವೇ ನನ್ನ ಬಾಡಿಗೆ ಮನೆಗೆ ಬಂದ. ಅವನ ಕೈಗೆ ಪರದೇಶದ ಒಂದು ದೊಡ್ಡ ಚಿತ್ರ ಸಿಕ್ಕಿತ್ತು. ಗ್ರೀಕರ ಬಹಳ ಹಳೆಯ ಕಾವ್ಯವೊಂದನ್ನು ಯಾರೋ ಹಡಗು, ಕೋಟೆ, ಸಾವಿರಾರು ಜನ ಹಾಕಿ ತೆಗೆದದ್ದು. ನಡುನಡುವೆ ಇಂಗ್ಲಿಷ್ ಬರಹ ಬರುತ್ತದೆ, ಅದನ್ನು ಓದಿ ಕನ್ನಡದಲ್ಲಿ ಹೇಳುವವರು ಬೇಕು ಎಂದ.

"ಪುರಾಣ ಮೇಷ್ಟ್ರೇ, ಹೆದರಬೇಡಿ. ರಾಕ್ಷಸ ಇದಾನೆ, ದೇವರಿದಾನೆ, ಪತಿವ್ರತೆ ಇದಾಳೆ. ಇನ್ನೇನು ಬೇಕು ಜನಕ್ಕೆ?"

ಬೇಕಾಗಿದ್ದು ಒಂದಿತ್ತು. ಕೊನೆಯ ರೀಲು. ಅದು ಯಾವುದೋ ಊರಿನಲ್ಲಿ ಹೊತ್ತಿ ಉರಿದುಹೋಗಿತ್ತಂತೆ. "ಅದನ್ನ ನೀವು ಬಾಯಲ್ಲೇ ಹೇಳಿಬಿಡಿ" ಎಂದು ಅವನು ಎಲೆಅಡಿಕೆ ಉಗಿಯಲು ಎದ್ದು ಹೊರಗೆ ಹೋದ. ನನಗೆ ಕಥೆ ಗೊತ್ತಿತ್ತು, ಕಾಲೇಜಿನಲ್ಲಿ ಓದಿದ್ದೆ. ಒಪ್ಪಿಕೊಂಡೆ. ಹೆಡ್‌ಮಾಸ್ಟರೂ ಪುರಾಣ ಎಂದ ಮೇಲೆ ಅಡ್ಡಿ ಹೇಳಲಿಲ್ಲ. ಮೊದಲು ಮದ್ದೂರು, ಆಮೇಲೆ ಮಂಡ್ಯ, ಕೊನೆಗೆ ಮಳವಳ್ಳಿ ಎಂದು ತೀರ್ಮಾನವಾಯಿತು. ಮಳವಳ್ಳಿ ಎಂದಾಗ ನನಗೆ ಖುಷಿಯೇ ಆಯಿತು. ನನ್ನ ಸೋದರತ್ತೆ ಇದ್ದ ಊರು ಅದು.

ಅತ್ತೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ತಾಯಿ ಇಲ್ಲದ ನನ್ನನ್ನು ಸಾಕಿದವಳು ನನ್ನ ತಂದೆಯ ಈ ತಂಗಿ. ಅವಳ ಗಂಡ, ಎಂದರೆ ನನ್ನ ಮಾವ, ಒಂದು ಬೆಳಿಗ್ಗೆ ಮೈಸೂರಿನಲ್ಲಿ ಕಚೇರಿ ಕೆಲಸವಿದೆ ಎಂದು ಗಾಡಿ ಕಟ್ಟಿಸಿಕೊಂಡು ಮದ್ದೂರಿಗೆ ಹೋದರು, ಅಲ್ಲಿ ರೈಲು ಹತ್ತಿದರು, ಮತ್ತೆ ಬರಲಿಲ್ಲ. ನಾನಾಗ ಚಿಕ್ಕವನು. ಮದರಾಸಿನಲ್ಲಿ ಕಂಡೆ ಎಂದರು ಒಬ್ಬರು, ಕಾಶಿಯಲ್ಲಿ ಕಂಡೆ ಎಂದರು ಇನ್ನೊಬ್ಬರು. ಅವರ ಬಗ್ಗೆ ನನಗೆ ಉಳಿದಿರುವ ನೆನಪು ಒಂದೇ: ಅವರು ಮನೆಗೆ ಬರುವ ಹೊತ್ತಾದರೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದೆವು. ಆಗಿನ ಗಂಡಸರು ಹಾಗೇ ಇರುತ್ತಿದ್ದರು ಎಂದು ಅದಕ್ಕೆ ನಾನು ವಿಶೇಷ ಅರ್ಥ ಕೊಟ್ಟಿರಲಿಲ್ಲ.

ಅತ್ತೆ ಆ ಮನೆಯಲ್ಲೇ ಉಳಿದಳು, ಗಂಡನ ಅಣ್ಣನ ಆಸರೆಯಲ್ಲಿ. ಅವರನ್ನು ನಾನು ದೊಡ್ಡ ಮಾವ ಎನ್ನುತ್ತಿದ್ದೆ. ಊರಿಗೆಲ್ಲ ಪುರೋಹಿತರು, ಹೆಂಡತಿ ತೀರಿಹೋಗಿ ಬಹಳ ಕಾಲವಾಗಿದ್ದವರು. ಅತ್ತೆ ಅವರಿಗೆ ಅಡಿಗೆ ಮಾಡಿ ಹಾಕುತ್ತಿದ್ದಳು, ಮಧ್ಯಾಹ್ನ ಪಕ್ಕದ ಮನೆಯವರನ್ನು ಕೂಡಿಸಿಕೊಂಡು ಚೌಕಾಬಾರ ಆಡುತ್ತಿದ್ದಳು, ಗೆದ್ದರೆ ಬೀದಿಗೆ ಕೇಳುವಂತೆ ನಗುತ್ತಿದ್ದಳು. ಅವಳ ಕೂದಲು ಊರಿಗೇ ಹೆಸರುವಾಸಿ. ಸೊಂಟ ದಾಟಿ ಇಳಿಯುತ್ತಿತ್ತು. ಎಣ್ಣೆ ಹಚ್ಚಿ ನೀರು ಹಾಕಿಕೊಂಡ ದಿನ ಹಿತ್ತಲಿನಲ್ಲಿ ಅದನ್ನು ಹರಡಿಕೊಂಡು ಕೂತರೆ, ಹೋಗಿಬರುವ ಹೆಂಗಸರು ಬೇಲಿಯಾಚೆ ನಿಂತು ಎರಡು ಮಾತಾಡಿಯೇ ಹೋಗುತ್ತಿದ್ದರು.

ಚಿತ್ರದ ಸುದ್ದಿ ಹೇಳೋಣವೆಂದು ರಜೆಯಲ್ಲಿ ಮಳವಳ್ಳಿಗೆ ಹೋದೆ. ಹೋದವನಿಗೆ ಬೇರೆಯೇ ಸುದ್ದಿ ಕಾದಿತ್ತು. ಮಾವ ಕಾಣೆಯಾಗಿ ಹನ್ನೆರಡು ವರ್ಷ ತುಂಬಿತ್ತು. ಹನ್ನೆರಡು ವರ್ಷ ಸುಳಿವಿಲ್ಲದವನನ್ನು ತೀರಿಹೋದವನೆಂದೇ ಎಣಿಸಿ, ದರ್ಭೆ, ಮುತ್ತುಗದ ಎಲೆಗಳಲ್ಲಿ ಅವನ ಆಕಾರ ಕಟ್ಟಿ, ಅದನ್ನು ಸುಟ್ಟು, ಕರ್ಮ ಮುಗಿಸುವುದು ನಮ್ಮವರ ರೂಢಿ. ವೈಶಾಖದ ಅಮಾವಾಸ್ಯೆ ಕಳೆದ ಮೇಲೆ ದಿನ ಗೊತ್ತಾಗಿತ್ತು. ಆಕಾರ ಸುಟ್ಟ ಮೇಲೆ ಅತ್ತೆ ವಿಧವೆ. ಆಗಿನ ನಮ್ಮ ಮನೆಗಳಲ್ಲಿ ವಿಧವೆ ಎಂದರೆ ಕ್ಷೌರಿಕನನ್ನು ಹಿತ್ತಲ ಬಾಗಿಲಿಗೆ ಕರೆಸುವುದು.

ದೊಡ್ಡ ಮಾವ ಕ್ರೂರಿಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಕೂಗಾಡಿಬಿಡುತ್ತಿದ್ದೆ. ಅವರು ಕ್ರೂರಿಯಲ್ಲ. ಜಗಲಿಯ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು.

"ನನ್ನ ತಮ್ಮ ಕಣೋ ಅವನು. ಸತ್ತಿದ್ರೆ ಎಲ್ಲೋ ಒಂದು ತೊಟ್ಟು ನೀರಿಲ್ದೆ ಅಲೀತಿದಾನೆ. ಊರಿನವರಿಗೆಲ್ಲ ನಾನು ತಿಥಿ ಮಾಡಿಸ್ತೀನಿ, ಒಡಹುಟ್ಟಿದವನಿಗೆ ಮಾಡಿಲ್ಲ. ರಾತ್ರಿ ನಿದ್ದೆ ಬರೋದಿಲ್ಲ ನಂಗೆ."

"ಬದುಕಿದ್ದು ಬಂದುಬಿಟ್ರೆ?" ಎಂದೆ.

"ಅದಕ್ಕೂ ಶಾಸ್ತ್ರ ಇದೆ. ತುಪ್ಪದಲ್ಲಿ ಸ್ನಾನ ಮಾಡಿಸಿ, ಮತ್ತೆ ಹುಟ್ಟಿದಾನೆ ಅಂತ ಎಣಿಸಿ, ಜಾತಕರ್ಮದಿಂದ ಎಲ್ಲಾ ಮಾಡಿ, ಇವಳನ್ನೇ ಮತ್ತೆ ಮದುವೆ ಮಾಡಿಸೋದು."

ಒಳಗಿನಿಂದ ಅತ್ತೆಯ ಧ್ವನಿ ಬಂತು. "ಬೋಳಿಸಿದ ತಲೆಗೆ ದಂಡೆ ಎಲ್ಲಿ ಮುಡಿಸ್ತೀರಿ ಭಾವ?"

ನಾನು ಅಡಿಗೆಮನೆಗೆ ಹೋದೆ. ಅವಳು ಒಲೆಯ ಮುಂದೆ ಕೂತು ಸುಮ್ಮನೆ ಸೌದೆ ಮುಂದೆ ತಳ್ಳುತ್ತಿದ್ದಳು. "ಅವರಿಗೆ ಹೇಳೋ, ಸುಡಬೇಡಿ ಅಂತ ಹೇಳೋ, ನೀನು ಓದಿದವನು" ಎಂದಳು. ಗಂಡ ಬಂದೇ ಬರುತ್ತಾನೆ ಎಂದು ಇಷ್ಟು ವರ್ಷ ನಂಬಿಕೊಂಡು ಕೂತಿದ್ದಾಳಲ್ಲ ಎಂದುಕೊಂಡು ಜಗಲಿಗೆ ಹೋದೆ. ಹೇಳಿದೆ. ದೊಡ್ಡ ಮಾವ ನನ್ನ ಓದಿಗೆ ಮರ್ಯಾದೆ ಕೊಟ್ಟು ಕೊನೆಯವರೆಗೂ ಕೇಳಿದರು, ಆಮೇಲೆ ದಿನ ಬದಲಾಗುವುದಿಲ್ಲ ಎಂದರು.

ಬಸ್ಸಿನಲ್ಲಿ ಹಿಂತಿರುಗುವಾಗಲೇ ನನಗೆ ಹೊಳೆದದ್ದು. ನಾನು ಮಳವಳ್ಳಿಯಲ್ಲಿ ನಿಂತು ಹೇಳಬೇಕಾದ ಕಥೆ ಯಾವುದು? ರಾಜ ಯುದ್ಧಕ್ಕೆ ಹೋಗುತ್ತಾನೆ. ಯುದ್ಧ ಮುಗಿದರೂ ಸಮುದ್ರದಲ್ಲಿ ದಾರಿ ತಪ್ಪಿ ಅಲೆಯುತ್ತಾನೆ. ಇತ್ತ ಊರಿನ ಗಂಡಸರೆಲ್ಲ ಸೇರಿ, ನಿನ್ನ ಗಂಡ ಸತ್ತ, ಒಪ್ಪಿಕೋ, ನಮ್ಮಲ್ಲೊಬ್ಬನನ್ನು ಆರಿಸಿಕೋ ಎಂದು ರಾಣಿಯ ಮನೆಯಲ್ಲೇ ಬೀಡು ಬಿಡುತ್ತಾರೆ. ಅವಳು ಸತ್ತ ಎಂದು ಒಪ್ಪುವುದಿಲ್ಲ. ಇಪ್ಪತ್ತು ವರ್ಷ ಒಪ್ಪುವುದಿಲ್ಲ. ಇದನ್ನು ಆ ಊರಿನಲ್ಲಿ, ಆ ಜನರ ಮುಂದೆ, ಆ ದಿನಕ್ಕೆ ಕೆಲವೇ ದಿನ ಮೊದಲು ನಾನು ಬಾಯಿಬಿಟ್ಟು ಹೇಳಬೇಕು. ಊರೆಲ್ಲ ತಿರುಗಿ ಅತ್ತೆಯನ್ನು ನೋಡುತ್ತದೆ.

ಮದ್ದೂರಿನ ಮೊದಲ ಆಟಕ್ಕೆ ಶಿವಪುರ, ನಿಡಘಟ್ಟದ ಕಡೆಯಿಂದೆಲ್ಲ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ನಮ್ಮ ಡೇರೆಗಳಲ್ಲಿ ಒಂದು ಪದ್ಧತಿ ಇತ್ತು. ಪುರಾಣದ ಚಿತ್ರವಾದರೆ ಪರದೆಗೆ ಮೊದಲು ಮಂಗಳಾರತಿ, ಆಮೇಲೆ ಆಟ. ಯಜಮಾನ ಗ್ರೀಕರ ಚಿತ್ರಕ್ಕೂ ಬಿಡದೆ ಕಾಯಿ ಒಡೆದ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ ಇಬ್ಬರು ಗೌಡರಿಗೆ ಅನುಮಾನ ಬಂತು.

"ದೇವ್ರು ಬತ್ತದೇನ್ಲಾ ಇದ್ರಲ್ಲಿ?"

"ಬತ್ತದಂತೆ. ಪರದೇಸದ ದೇವ್ರಂತೆ ಕಣ್ಲಾ."

"ಎಲ್ಲೀದಾದ್ರೂ ದೇವ್ರು ದೇವ್ರೇಯ. ಬುಡು ಮೆಟ್ಟ." ಇಬ್ಬರೂ ಕಾಲಿನ ಮೆಟ್ಟು ಬಿಚ್ಚಿ ಹಿಂದಕ್ಕಿಟ್ಟರು. ಅವರನ್ನು ನೋಡಿ ಸಾಲಿಗೆ ಸಾಲೇ ಬಿಚ್ಚಿತು.

ಚಿತ್ರವನ್ನು ಜನ ಹೇಗೆ ತೂಗುತ್ತಾರೆಂದು ನಾನು ಕಲಿತದ್ದು ಅಲ್ಲಿ. ಹಡಗು ಮುಳುಗಿದ್ದಕ್ಕೆ, ಸಾವಿರಾರು ಸೈನಿಕರಿಗೆ ಅವರು ಬಾಯಿ ಬಿಡಲಿಲ್ಲ. ಒಕ್ಕಣ್ಣಿನ ರಾಕ್ಷಸನಿಗೆ ಮಾತ್ರ ಶಿಳ್ಳೆ ಬಿತ್ತು. ಅವರು ಗಮನವಿಟ್ಟು ನೋಡಿದ್ದು ನಡತೆಯನ್ನು. ರಾಣಿ ಕಾಲ ತಳ್ಳಲು ಒಂದು ಉಪಾಯ ಮಾಡುತ್ತಾಳೆ: ಮುದಿ ಮಾವನ ಶವಕ್ಕೆ ಹೊದಿಸುವ ಬಟ್ಟೆ ನೇಯುತ್ತಿದ್ದೇನೆ, ಅದು ಮುಗಿಯಲಿ ಎಂದು ಹೇಳಿ, ಹಗಲು ನೇಯ್ದದ್ದನ್ನು ಯಾರಿಗೂ ಕಾಣದಂತೆ ಬಿಚ್ಚುತ್ತಾಳೆ. ನಾನು ಇದನ್ನು ಬಹಳ ಸೊಗಸಾಗಿ ವಿವರಿಸಿದೆನೆಂದುಕೊಂಡೆ. ಹೆಂಗಸರ ಕಡೆಯಿಂದ ಒಬ್ಬಾಕೆ ಕೇಳಿದಳು:

"ಬದ್ಕಿರೋ ಮಾವುನ್ಗೆ ಎಣದ್ ಬಟ್ಟೆ ನೇಯ್ತಾ ಕೂತವ್ಳಾ? ಇವ್ಳೆಂತಾ ಸೊಸೆ ಕಣಮ್ಮ?"

ಡೇರೆಯೆಲ್ಲ ಹೌದು ಹೌದು ಎಂದಿತು. ಲೋಕವೆಲ್ಲ ಹೊಗಳಿದ ಜಾಣತನ ಮದ್ದೂರಿನಲ್ಲಿ ಅಪಶಕುನವಾಯಿತು. ರಾಜನಿಗೂ ರಿಯಾಯಿತಿ ಸಿಗಲಿಲ್ಲ. ದಾರಿಯಲ್ಲಿ ದ್ವೀಪದ ಹೆಂಗಸಿನ ಜೊತೆ ವರ್ಷಗಟ್ಟಲೆ ಇದ್ದವನು ಮನೆಗೆ ಬಂದು ಹೆಂಡತಿಯನ್ನು ಪರೀಕ್ಷೆ ಮಾಡುತ್ತಾನಲ್ಲ, ಯಾವ ಮುಖ ಇಟ್ಟುಕೊಂಡು ಎಂದು ಒಬ್ಬ ಮುದುಕ ಎದ್ದು ನಿಂತೇ ಕೇಳಿದ. ಉತ್ತರ ನಾನು ಕೊಡಬೇಕೆಂದು ಅವನ ಅಭಿಪ್ರಾಯ. ಕಥೆ ಹೇಳುವವನೇ ಕಥೆಗೆ ಜವಾಬ್ದಾರ ಎಂದು ನಮ್ಮ ಜನ ತಿಳಿದಿದ್ದರು. ಹರಿಕಥೆಯವರಿಗೂ ಹಾಗೇ ಕೇಳುವುದು ವಾಡಿಕೆ. ನಾನು ಬೆವರು ಒರೆಸಿಕೊಂಡು, ಅದು ಅವರ ದೇಶದ ಪದ್ಧತಿ ಎಂದೆ. "ಒಳ್ಳೇ ಪದ್ದತಿ" ಎಂದು ಮುದುಕ ಕೂತ.

ಜನ ಹೀಗೆ ತೂಗಿ ನೋಡುವುದಾದರೆ ಮಳವಳ್ಳಿಯಲ್ಲಿ ಏನು ಗತಿ? ಅಲ್ಲಿ ತೂಗುವುದು ಗ್ರೀಕರ ರಾಣಿಯನ್ನಲ್ಲ. ಮಂಡ್ಯದ ಆಟದ ಹೊತ್ತಿಗೆ ನಾನೊಂದು ದಾರಿ ಹುಡುಕಿದೆ. ಇಪ್ಪತ್ತು ವರ್ಷ ಎನ್ನುವ ಬದಲು ಕೆಲವು ವರ್ಷ ಎಂದು ಮೆಲ್ಲಗೆ ದಾಟಿಸಿಬಿಟ್ಟರಾಯಿತು. ಮಂಡ್ಯದಲ್ಲಿ ಅಭ್ಯಾಸ ಮಾಡಿ ನೋಡೋಣ ಎಂದು, ಬರಹ ಬಂದಾಗ, "ಹೀಗೆ ಕೆಲವು ವರ್ಷ ಕಳೆಯಿತು" ಎಂದೆ. ಕುರ್ಚಿಯಲ್ಲಿ ಕೂತಿದ್ದ ಅಮಲ್ದಾರರ ಕಚೇರಿಯ ಅಧಿಕಾರಿಯೊಬ್ಬರು ತಕ್ಷಣ, "ಇಪ್ಪತ್ತು ಅಂತಿದೆಯಲ್ರೀ ಮೇಷ್ಟ್ರೇ, ಕಣ್ಣು ಕಾಣೋಲ್ವೆ?" ಎಂದರು. ಹಿಂದೆ ಹೊಳಲಿನಿಂದ ಬಂದಿದ್ದ ರೈತರ ಗುಂಪು ಎಚ್ಚರವಾಯಿತು.

"ಇಪ್ಪತ್ತ್ ವರ್ಸುವ ಕೆಲವು ಅಂತೀರಲ್ಲ ಸೋಮಿ. ಪುರಾಣವ ಕಮ್ಮಿ ಮಾಡ್ಬಾರ್ದು."

"ಇನ್ನೂ ಏನೇನ್ ನುಂಗ್ಬುಟ್ಟವ್ರೋ ಕಾಣೆ ಕಣ್ಲಾ."

ಕಥೆಯನ್ನು ಹಿಂದೆಂದೂ ಕೇಳದ ಜನ, ಅದರ ಒಂದಕ್ಷರ ಆಚೀಚೆಯಾಗಬಾರದೆಂದು ನನ್ನ ಮೇಲೆ ಕಾವಲು ಕೂತರು. ಅಲ್ಲಿಂದ ಮುಂದೆ ಪ್ರತಿ ಬರಹಕ್ಕೂ ಅಧಿಕಾರಿಗಳ ಕಡೆ ನೋಡುವುದು, ಅವರು ತಲೆಯಾಡಿಸಿದ ಮೇಲೆ ಸುಮ್ಮನಾಗುವುದು. ನನ್ನ ದಾರಿ ಮುಚ್ಚಿತು.

ಮಳವಳ್ಳಿಯನ್ನು ಬಿಟ್ಟುಬಿಡಿ ಎಂದು ಯಜಮಾನನನ್ನು ಕೇಳಿಕೊಂಡೆ. ತಮಟೆ ಬಾರಿಸಿಕೊಂಡು ಜಾಹೀರಾತಿನ ಗಾಡಿ ಆಗಲೇ ಹೋಗಿತ್ತು. ಮೈ ಸರಿಯಿಲ್ಲ ಎಂದೆ. "ಮಾತಾಡೋದಕ್ಕೆ ಮೈ ಯಾಕೆ, ಬಾಯಿ ಸಾಕು" ಎಂದ. ಮಳವಳ್ಳಿಗೆ ಹೋಗಿ, ಚಿತ್ರ ಚೆನ್ನಾಗಿಲ್ಲ, ನೀವ್ಯಾರೂ ಬರಬೇಡಿ ಎಂದು ಅತ್ತೆಗೆ ಹೇಳಿದೆ. ಆದರೆ ಯಜಮಾನ ಊರ ಪುರೋಹಿತರೆಂದು ದೊಡ್ಡ ಮಾವನಿಗೆ ಮುಂದಿನ ಕುರ್ಚಿಯನ್ನೇ ಕಾದಿರಿಸಿದ್ದ, ಮಂಗಳಾರತಿಯನ್ನೂ ಅವರಿಗೇ ಒಪ್ಪಿಸಿದ್ದ. ಅತ್ತೆ, "ನೀನು ಊರ ಮುಂದೆ ನಿಂತು ಮಾತಾಡೋದನ್ನ ನಾನು ನೋಡಬೇಡ್ವೇನೋ?" ಎಂದಳು. ಆಮೇಲೆ ನಗದೆ, "ಹೂ ಮುಡ್ಕೊಂಡು ಹೊರಗೆ ಹೋಗೋದು ಇನ್ನೆಷ್ಟು ದಿನ" ಎಂದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಡೇರೆ ತುಂಬಿತು. ದೊಡ್ಡ ಮಾವ ಮಡಿಯಲ್ಲಿ ಬಂದು ಪರದೆಗೆ ಆರತಿ ಎತ್ತಿದರು. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಹಳೆಯ ಜಮಖಾನ ಕಟ್ಟಿತ್ತು. ನಾನು ಪರದೆಯ ಪಕ್ಕ ನಿಂತದ್ದರಿಂದ ನನಗೆ ಎರಡೂ ಕಡೆಯ ಮುಖಗಳು ಕಾಣುತ್ತಿದ್ದವು. ಅತ್ತೆ ಕಂಬದ ಹತ್ತಿರ ಕೂತಿದ್ದಳು. ಜಡೆಗೆ ದುಂಡುಮಲ್ಲಿಗೆ.

ರಾಕ್ಷಸ ಬಂದು ಹೋದ. ರಾಣಿಯ ಮನೆಯ ದೃಶ್ಯ ಶುರುವಾಯಿತು. ಪರದೆಯ ಮೇಲೆ ಗಂಡಸರು ಒಬ್ಬೊಬ್ಬರಾಗಿ ಎದ್ದು, ಸತ್ತ ಎಂದು ಒಪ್ಪಿಕೋ ಎಂದು ಕೈ ಬೀಸುತ್ತಿದ್ದರು. ನಾನು ಅದನ್ನೇ ಹೇಳಬೇಕು. ಹೇಳಿದೆ. ರಾಣಿ ಇಲ್ಲವೆಂದು ತಲೆಯಾಡಿಸುತ್ತಾಳೆ. "ಅವರು ಸತ್ತರೆಂದು ನಾನು ಒಪ್ಪುವುದಿಲ್ಲ" ಎಂದು ಬರಹ. ಅದನ್ನೂ ಹೇಳಿದೆ. ಚಿತ್ರದ ಜೊತೆಗೆ ನುಡಿಸುತ್ತಿದ್ದ ಹಾರ್ಮೋನಿಯಂನವನು ಕೂಡ ನಿಲ್ಲಿಸಿದ. ಹೆಂಗಸರ ಕಡೆ ಯಾರೋ ಗಟ್ಟಿಯಾಗಿಯೇ, "ನಮ್ಮಮ್ಮಾವ್ರ ಕತೇನೇ ಕಣಮ್ಮ ಇದು" ಎಂದಳು.

ತಲೆಗಳು ತಿರುಗಿದವು. ನಾನು ಹೆದರಿದ್ದು ಇದಕ್ಕೇ, ಅದು ಹಾಗೇ ನಡೆಯಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನೇರ ಪರದೆಯನ್ನೇ ನೋಡುತ್ತಿದ್ದಳು. ಹೊರಗೆ ಓಡಿಹೋಗಿಬಿಡೋಣ ಅನ್ನಿಸಿತು ನನಗೆ, ಆದರೆ ರೀಲು ನಿಲ್ಲುವುದಿಲ್ಲವಲ್ಲ. ಇಪ್ಪತ್ತು ವರ್ಷ ಎಂಬ ಬರಹ ಬಂತು. ಇಪ್ಪತ್ತು ವರ್ಷ ಎಂದೆ. "ಇಪ್ಪತ್ತಾ?" ಎಂದು ಗಂಡಸರ ಕಡೆಯಿಂದ ನಾಲ್ಕಾರು ಬಾಯಿ ಒಟ್ಟಿಗೆ ಕೇಳಿದವು.

ಆಮೇಲೆ ರಾಜ ಭಿಕ್ಷುಕನ ವೇಷದಲ್ಲಿ ತನ್ನ ಮನೆಯ ಬಾಗಿಲಿಗೆ ಬರುತ್ತಾನೆ. ಯಾರಿಗೂ ಗುರುತು ಸಿಗುವುದಿಲ್ಲ. ಹಳೆಯ ದಾಸಿಯೊಬ್ಬಳು ಅವನ ಕಾಲು ತೊಳೆಯುವಾಗ ಹಳೆಯ ಗಾಯದ ಕಲೆ ಕಂಡು ಬೆಚ್ಚಿ ಬೀಳುತ್ತಾಳೆ. ಅಲ್ಲಿಗೆ ರೀಲು ಮುಗಿಯಿತು. ಪರದೆ ಬರಿ ಬೆಳ್ಳಗಾಯಿತು. ಪೆಟ್ರೊಮ್ಯಾಕ್ಸ್ ಹತ್ತಿಸಲು ಹುಡುಕಾಡುತ್ತಿದ್ದರು. ಅಷ್ಟರಲ್ಲಿ ಮುಂದಿನ ಕುರ್ಚಿಯಿಂದ ದೊಡ್ಡ ಮಾವ ಎದ್ದು ನಿಂತಿದ್ದರು. ಊರ ಮುಂದೆ ಎಂದೂ ಗಟ್ಟಿಯಾಗಿ ಮಾತಾಡದ ಮನುಷ್ಯ.

"ಆಮೇಲೆ? ಆಮೇಲೆ ಏನಾಯ್ತೋ? ಅವನೇನಾ ಅದು?"

"ಅವನೇ ದೊಡ್ಡ ಮಾವ. ಬಂದಿದ್ದಾನೆ. ಹೆಂಡತಿಗೂ ಗೊತ್ತಾಗುತ್ತೆ."

"ಅವನಿಗೆ ಕರ್ಮ ಮಾಡಿರಲಿಲ್ವಾ?"

"ಇಲ್ಲ. ಅವಳು ಮಾಡಗೊಡಲಿಲ್ಲ."

ಅವರು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಉಳಿದ ಕಥೆ, ಬಿಲ್ಲು ಬಾಗಿಸಿದ್ದು, ಪುಂಡರನ್ನೆಲ್ಲ ಕೊಂದದ್ದು, ನಾನು ಹೇಳಿದೆ. ಯಾರು ಕೇಳಿದರೋ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಜಗಲಿಗೆ ಜನ ಬಂದರು. ದೊಡ್ಡ ಮಾವನ ಕೈಲಿ ಮದುವೆ, ತಿಥಿ ಮಾಡಿಸಿಕೊಳ್ಳುವ ಒಕ್ಕಲ ಮನೆಗಳವರು. ಟವಲು ಕೊಡವಿ ಕೂತು, ಬೆಳೆ, ನಾಲೆ ನೀರು ಎಲ್ಲ ಮಾತಾಡಿದ ಮೇಲೆ ಅವರಲ್ಲಿ ಹಿರಿಯ ಶುರುಮಾಡಿದ.

"ಆ ದೇಸದಲ್ಲಿ ಇಪ್ಪತ್ತ್ ವರ್ಸ ಕಾದ್ರು ಸೋಮಿ. ನೀವು ಅನ್ನೆರಡಕ್ಕೇ ಸುಟ್ಬುಡ್ತೀರಾ?"

"ಅದು ಮ್ಲೇಚ್ಛರ ಕಥೆಯಪ್ಪ. ನಮಗೆ ಪ್ರಮಾಣವಲ್ಲ."

"ನೀವೇ ಮಂಗಳಾರ್ತಿ ಎತ್ತುದ್ರಲ್ಲ ಸೋಮಿ ಅದ್ಕೆ."

ಡೇರೆಯವನ ಕರ್ಪೂರ ದೊಡ್ಡ ಮಾವನನ್ನು ಕಟ್ಟಿಹಾಕಿತು. ಸಿನಿಮಾ ಎಂದರೆ ಬೆಳಕಿನ ಆಟ, ಯಾರೋ ವೇಷ ಕಟ್ಟಿ ಮಾಡಿದ್ದು ಎಂದು ನಾನು ಬಾಯಿಬಿಡಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದೆ, ದೇವರಾಣೆ ಸಂತೋಷವಾಗಿ ಮುಚ್ಚಿಕೊಂಡಿದ್ದೆ. ಆದರೆ ಅವರನ್ನು ಬದಲಾಯಿಸಿದ್ದು ಜನರ ವಾದ ಎನ್ನಿಸುವುದಿಲ್ಲ ನನಗೆ. ಹಿಂದಿನ ಸಂಜೆಯಿಂದ ಅವರ ಮುಖವೇ ಬೇರೆಯಾಗಿತ್ತು. ತಮ್ಮ ಸತ್ತಿರಬಹುದು ಎಂದು ಹೆದರಿ ಹೆದರಿ ಬದುಕಿದ್ದವರಿಗೆ, ಬಾಗಿಲಿಗೇ ಬರಬಹುದು ಎಂದು ಯಾರೋ ಮೊದಲ ಸಲ ತೋರಿಸಿದ್ದರು. ಕೊನೆಗೆ ಅವರೇ, "ಕಾಯೋದಕ್ಕೆ ಶಾಸ್ತ್ರದ ಅಡ್ಡಿ ಏನಿಲ್ಲ. ಇಪ್ಪತ್ತಾಗಲಿ" ಎಂದರು.

ಒಳಗೆ ಹೋಗಿ ಹೇಳಿದೆ. ಅತ್ತೆ ಗೋಡೆಗೆ ಒರಗಿ ಕೂತಳು, ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಎರಡು ಕೈಯಲ್ಲೂ ಹಿಡಿದುಕೊಂಡಳು. ಅಳಲಿಲ್ಲ. ನನಗೆ ಒಬ್ಬಟ್ಟು ಮಾಡಿ ಹಾಕಿದಳು. ನಾನು ಮಂಡ್ಯಕ್ಕೆ ವಾಪಸು ಹೊರಟದ್ದು ಯುದ್ಧ ಗೆದ್ದವನ ಗತ್ತಿನಲ್ಲಿ.

ಆ ಗತ್ತು ಮುಂದಿನ ದಸರಾ ರಜೆಯವರೆಗೆ ಉಳಿಯಿತು. ರಜೆಗೆ ಹೋದರೆ ಜಗಲಿಯ ಮೇಲೆ ಒಬ್ಬ ಭಿಕ್ಷುಕ ಮಣೆ ಹಾಕಿಸಿಕೊಂಡು ಕೂತಿದ್ದ. ದೊಡ್ಡ ಮಾವ, ಎಲ್ಲರಿಂದ ಕಾಲಿಗೆ ಬೀಳಿಸಿಕೊಳ್ಳುವ ಮನುಷ್ಯ, ಕುಕ್ಕರುಗಾಲಲ್ಲಿ ಕೂತು ಅವನ ಕಾಲು ತೊಳೆಯುತ್ತಿದ್ದರು. ಬಲಗಾಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮಾವನಿಗೆ ಚಿಕ್ಕಂದಿನಲ್ಲಿ ಗಾಡಿಚಕ್ರ ಹತ್ತಿ ಅಲ್ಲೊಂದು ಕಲೆಯಾಗಿತ್ತಂತೆ. ಇವನಿಗಿರಲಿಲ್ಲ. ಊಟ ಹಾಕಿಸಿ ಕಳಿಸಿದರು. ಊರಿಗೆ ಬರುವ ಭಿಕ್ಷುಕರು, ಸಾಧುಗಳು, ದಾರಿ ತಪ್ಪಿದ ಹರಕು ಅಂಗಿಯವರು, ಎಲ್ಲರಿಗೂ ಹೀಗೇ ನಡೆಯುತ್ತಿತ್ತು. ಮಳವಳ್ಳಿಯಲ್ಲಿ ಒಂದು ಮನೆಯಲ್ಲಿ ಕಾಲು ತೊಳೆದು ಅನ್ನ ಹಾಕುತ್ತಾರೆಂದು ಸುತ್ತಲ ಸುದ್ದಿಯಾಗಿ ಬರುವವರು ಹೆಚ್ಚಿದ್ದರು.

ಅತ್ತೆ ಇಳಿದುಹೋಗಿದ್ದಳು. ಚೌಕಾಬಾರ ನಿಂತಿತ್ತು. ಬೀದಿಯಲ್ಲಿ ಗಂಡಸಿನ ಧ್ವನಿ ಕೇಳಿದರೆ ಕೈಯಲ್ಲಿದ್ದ ಸೌಟು ಹಾಗೇ ನಿಲ್ಲುತ್ತಿತ್ತು. ಆಸೆಯೇ ಇವಳನ್ನು ತಿನ್ನುತ್ತಿದೆ, ದಿನಕ್ಕೊಂದು ಸಲ ಆಸೆ ಹುಟ್ಟಿಸಿ ಮುರಿಯುವುದಕ್ಕಿಂತ ಆ ದರ್ಭೆ ಸುಡುವುದೇ ಮೇಲಿತ್ತೇನೋ ಎಂದು ನಾನು ಮಂಡ್ಯದಲ್ಲಿ ನಿದ್ದೆಗೆಟ್ಟು ಯೋಚಿಸಿದ್ದೂ ಉಂಟು. ಕೇಳಲು ಧೈರ್ಯವಾಗಲಿಲ್ಲ. ಎರಡು ಮೂರು ವರ್ಷ ಹೀಗೇ ಹೋಯಿತು.

ಆಮೇಲಿನ ಒಂದು ಬೇಸಿಗೆಯ ಮಧ್ಯಾಹ್ನ. ಒಬ್ಬ ಸಾಧು ಬಂದ. ಎತ್ತರದ ಆಳು, ಎದೆಗೆ ಇಳಿದ ಗಡ್ಡ. ದೊಡ್ಡ ಮಾವನಿಗೆ ಆಗ ಕಣ್ಣಿಗೆ ಪೊರೆ ಬಂದಿತ್ತು. ತೊಳೆಯಲು ಹೋದರೆ ಅವನ ಬಲಗಾಲು ಹುಣ್ಣಾಗಿ ಮೊಣಕಾಲವರೆಗೂ ಬಟ್ಟೆ ಸುತ್ತಿತ್ತು, ಬಿಚ್ಚಲು ಅವನು ಒಪ್ಪಲಿಲ್ಲ. ಯಾವ ಊರೆಂದರೆ ಕಾವೇರಿಯ ಕಡೆ ಕೈ ತೋರಿಸಿದ, ಹೆಸರೇನೆಂದರೆ ನಕ್ಕ. ದೊಡ್ಡ ಮಾವ ತಂಬಿಗೆ ಕೆಳಗಿಟ್ಟು ಅವನ ಮುಖದ ಹತ್ತಿರಕ್ಕೆ ಬಗ್ಗಿದರು. "ಎತ್ತರ ಅದೇ, ವಯಸ್ಸೂ ಅದೇ" ಎಂದರು ನನಗೆ.

"ಒಂದ್ಸಲ ಬಂದು ನೋಡಮ್ಮ" ಎಂದು ಅವರು ಒಳಗೆ ಕೂಗಿದರು. ಅವರ ಧ್ವನಿಯಲ್ಲಿ ಬೇಡಿಕೆಯಿತ್ತು.

ಅತ್ತೆ ಬಂದು ಬಾಗಿಲ ಹಿಂದೆ ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ. ಸಾಧು ತಲೆಯೆತ್ತಿ ಅವಳ ಕಡೆ ನೋಡಿದ. ಅವಳು ಅವನನ್ನು ಹಣೆಯಿಂದ ಕಾಲಿನವರೆಗೆ ನೋಡಿದಳು, ಅವನ ಕೈಗಳನ್ನು ಬಹಳ ಹೊತ್ತು ನೋಡಿದಳು.

"ಇವರಲ್ಲ ಭಾವ."

"ಸರಿಯಾಗಿ ನೋಡಿದ್ಯಾ?"

"ಇವರಲ್ಲ."

ದೊಡ್ಡ ಮಾವ ಅಲ್ಲೇ ನೆಲದ ಮೇಲೆ ಕೂತರು. ಸಾಧು ಊಟ ಮಾಡಿ, ಹರಸಿ, ಕುಂಟುತ್ತ ಕೆರೆಯ ದಾರಿ ಹಿಡಿದ. ನಾನು ಅಡಿಗೆಮನೆಗೆ ಹೋದೆ. ಅತ್ತೆ ಕಂಬ ಹಿಡಿದುಕೊಂಡು ನಿಂತಿದ್ದಳು, ಸೆರಗೆಲ್ಲ ಬೆವರಿನಲ್ಲಿ ನೆನೆದಿತ್ತು. ನನಗೆ ತಡೆಯಲಾಗಲಿಲ್ಲ.

"ಎಷ್ಟು ಸಲ ಅಂತ ಈ ನಿರಾಸೆ ತಡ್ಕೋತೀಯ ಅತ್ತೆ? ಇವನಾದರೂ ಅವರಾಗಿದ್ರೆ."

ಅವಳು ನನ್ನನ್ನು, ಒಂದನೆಯ ತರಗತಿಯ ಲೆಕ್ಕವನ್ನೂ ತಪ್ಪು ಮಾಡಿದ ಮಗುವನ್ನು ನೋಡುವಂತೆ ನೋಡಿದಳು.

"ಅವರಾಗಿದ್ರೂ ಅಲ್ಲ ಅಂತಲೇ ಅಂತಿದ್ದೆ."

ಮಾವ ಮನೆಯಲ್ಲಿದ್ದ ಕಾಲದಲ್ಲಿ ಅವಳು ನಕ್ಕಿದ್ದು ನನಗೆ ಒಂದು ಸಲವೂ ನೆನಪಿಗೆ ಬರಲಿಲ್ಲ. ಹುಡುಕಿದೆ, ಬರಲಿಲ್ಲ.

"ಮತ್ತೆ ಅವತ್ತು, ಸುಡಬೇಡಿ ಅಂತ..."

"ಸುಡಬೇಡಿ ಅಂದೆ, ಹೌದು" ಎಂದಳು ಅತ್ತೆ. "ಬರಲಿ ಅಂತ ಯಾವತ್ತಾದರೂ ಅಂದಿದ್ದೀನೇನೋ?"

ಹೊರಗೆ ದೊಡ್ಡ ಮಾವ ಮುಂದಿನವನಿಗೆಂದು ತಂಬಿಗೆಗೆ ನೀರು ತುಂಬಿಸುತ್ತಿದ್ದರು. ಅವಳು ಅದನ್ನೇ ಕೇಳಿಸಿಕೊಳ್ಳುತ್ತ ನಿಂತಳು.